ಆಪಾ ಬರೆದಿಟ್ಟ ನನ್ನ ಬಿ.ಪಿ.

ವೈದ್ಯರಿಗಾಗಿಯೇ ಒಂದು ಖಾಸಗಿ ಆರೋಗ್ಯ ವಿಮಾ ನಿಧಿ ಬಂದಿದೆ, ಸೇರಲು ಯೋಗ್ಯವೋ ಅಲ್ಲವೋ ನೋಡಿ ಹೇಳಿ ಎಂದು ಕಲಬುರಗಿಯ ನಮ್ಮ ವೈದ್ಯ ಗೆಳೆಯರು ಆ ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು. ಮೊದಲು ಗೊಣಗಿದೆ. ಕಾಗದ ಓದುತ್ತ ಹೋದಂತೆ ಒಂದು ಸಾಲಿಗೆ ಬಂದು ಕುರ್ಚಿಯಿಂದ ಎದ್ದೇ ಬಿಟ್ಟೆ. ಸದಸ್ಯ ವೈದ್ಯನ ದವಾಖಾನೆಯ ನರ್ಸನ್ನೂ ಸೇರಿಸಬಹುದಂತೆ. ಮೊದಲೇ ಹೇಳಿಕೊಂಡ ಕಾಯಿಲೆಗೆ ಮೊದಲ ದಿನದಿಂದಲೇ ಖರ್ಚು ಕೊಡುತ್ತಾರಂತೆ.

ಕಮಲಾಪುರದ ನನ್ನ ದವಾಖಾನೆಯನ್ನು ನಡೆಸುವುದು ನಾನಲ್ಲ, ನಮ್ಮ ನರ್ಸು. ನನಗಿಂತ ಎರಡು ವರ್ಷ ದೊಡ್ಡವಳು, ಇಡೀ ಊರಿಗೆ ಆಪಾ, ಅಂದರೆ ಅಕ್ಕ. ಅವಳ ಬಲಗಾಲಿನ ಮೊಣಕಾಲು ಸವೆದು ಹೋಗಿತ್ತು. ಆಪರೇಶನ್ ಆಗದಿದ್ದರೆ ಆ ವರ್ಷವೇ ಕೆಲಸ ಬಿಡಬೇಕಾಗಿತ್ತು. ಖರ್ಚಿನ ಮಾತು ಬಂದರೆ ಸಾಕು, ಇಂಜಕ್ಷನ್ ಟ್ರೇ ಹಿಡಿದು ಆಚೆ ಹೋಗಿಬಿಡುತ್ತಿದ್ದಳು.

ಸ್ಟೇಶನ್ ಬಜಾರದ ಒಂದು ಹೋಟೆಲಿನ ಮಹಡಿಯಲ್ಲಿ ಸಭೆ ಸೇರಿತು. ಹಿರಿಯ ಸರ್ಜನರೊಬ್ಬರು ಮಿರ್ಚಿ ಭಜಿ ಮುರಿಯುತ್ತ, "ನಮಗ್ಯಾಕ್ರಿ ಇನ್ಶೂರನ್ಸು? ಡಾಕ್ಟರ್ ಡಾಕ್ಟರ ಕಡಿಂದ ಫೀ ತಗೊಂಡದ್ದು ಎಲ್ಲ್ಯಾರೆ ನೋಡೀರೇನು?" ಎಂದರು.

"ಫೀ ನೀವು ಬಿಡ್ತೀರಿ ಸರ್. ಸ್ಟೆಂಟ್ ಮಾಡಾಂವ ಬಿಡ್ತಾನೇನು?" ಎಂದೆ. ಭಜಿ ಬಾಯಿಗೆ ಹೋಗದೆ ನಡುವೆಯೇ ನಿಂತಿತು.

ನಿಧಿಯ ಪರವಾಗಿ ಬಂದಿದ್ದ ಹೆಣ್ಣುಮಗಳನ್ನು ನಾನು ಕೆದಕಿ ಕೆದಕಿ ಕೇಳಿದೆ. ಸೊಲ್ಲಾಪುರ, ಹೈದರಾಬಾದಿನ ಆಸ್ಪತ್ರೆಗಳು ಇವೆಯೇ? ಇವೆ. ಖರ್ಚು ಕೊಡಲ್ಲ ಅಂದರೆ ತಕರಾರು ಯಾರಿಗೆ ಹೇಳಬೇಕು? ಸದಸ್ಯರೇ ಇರುವ ಸಮಿತಿಗೆ. ಸುಳ್ಳು ಬರೆದವನಿಗೆ ಏನು? ಅವನ ಸದಸ್ಯತ್ವವೂ ರದ್ದು, ಅವನ ಮೂಲಕ ಸೇರಿದವರದೂ ರದ್ದು. "ಹಿಂಗಿರಬೇಕು ಕಾನೂನು!" ಎಂದು ಆ ಸಾಲಿನ ಕೆಳಗೆ ಎರಡು ಗೆರೆ ಎಳೆದವನು ನಾನೇ.

ಮರುದಿನ ದವಾಖಾನೆಯಲ್ಲಿ ಫಾರ್ಮು ತುಂಬಲು ಕುಳಿತೆ. ಆಪಾನ ಹೆಸರು, ಅವಳ ಮೊಣಕಾಲಿನ ಎಕ್ಸ್-ರೇ, ಎಲ್ಲ ಹುರುಪಿನಿಂದ ಮುಗಿಸಿ ನನ್ನ ಹಾಳೆಗೆ ಬಂದೆ. ಈಗಿರುವ ಕಾಯಿಲೆ? ಪೆನ್ನು ನಿಂತಿತು. ನನಗೆ ಹನ್ನೊಂದು ವರ್ಷದಿಂದ ಬಿ.ಪಿ. ಚಿಕಿತ್ಸೆ ಕೊಡುವ ವೈದ್ಯ ನಾನೇ. ಗುಳಿಗೆಯೋ, ಔಷಧ ಕಂಪನಿಯವರು ಬಿಟ್ಟುಹೋಗುವ ಸ್ಯಾಂಪಲ್ಲು. ಚೀಟಿ ಇಲ್ಲ, ಫೈಲಿಲ್ಲ. ಮಂದಿಯ ಮಾಳಿಗೆ ಕಟ್ಟುವವನ ಮನೆಯೇ ಸೋರುವುದು ಎನ್ನುತ್ತಿದ್ದ ನಮ್ಮ ಮುತ್ಯಾ. 'ಇಲ್ಲ' ಎಂದು ಬರೆದೆ.

ಬೆನ್ನ ಹಿಂದೆ ಆಪಾ ನಿಂತಿದ್ದಳು. "ಸಾಬ್, ಇಲ್ಲ ಅಂತ ಬರದ್ರಿ?"

"ಒಂದ್ ಚೀಟಿ ಇಲ್ಲ ಆಪಾ, ಹೆಂಗ ತೋರಿಸ್ಲಿ? ಯಾರಿಗಿ ಗೊತ್ತಾಗ್ತದ?"

"ಪೇಶಂಟ್ ಹಿಂಗ ಮುಚ್ಚಿಟ್ರ ಓಣಿಗೆಲ್ಲಾ ಕೇಳೋಹಂಗ ಬೈತೀರಿ." ಮೇಜಿನ ಮೇಲಿದ್ದ ಎಕ್ಸ್-ರೇ ಮೇಲೆ ಬೆರಳಿಟ್ಟು ಹೇಳಿದಳು: "ಸುಳ್ಳ್ ನಿಮ್ದು, ಮೊಣಕಾಲ್ ನಂದು, ಸಾಬ್."

ನಾನು ಎಳೆದ ಎರಡು ಗೆರೆ ನನ್ನ ಕೊರಳಿಗೇ ಬಿದ್ದವು. ಬರೆದದ್ದನ್ನು ಹೊಡೆದು ಹಾಕಿ ನಿಧಿಯ ಹೆಣ್ಣುಮಗಳಿಗೆ ಫೋನು ಮಾಡಿದೆ. ಬೇರೆ ವೈದ್ಯರ ಪತ್ರ ಬೇಕು, ಹಳೆಯ ದಾಖಲೆ ಬೇಕು, ಶುಕ್ರವಾರ ಕೊನೆಯ ದಿನ, ಇಲ್ಲದಿದ್ದರೆ ಇಬ್ಬರ ಅರ್ಜಿಯೂ ಮುಂದಿನ ವರ್ಷಕ್ಕೆ ಎಂದಳು. ಅಷ್ಟು ದಿನ ಆ ಮೊಣಕಾಲು ತಡೆಯುವಂತಿರಲಿಲ್ಲ.

ಆಪಾ ಕುಂಟುತ್ತ ಒಳಗೆ ಹೋಗಿ, ಬ್ಯಾಂಡೇಜಿನ ಬಟ್ಟೆಯಿಂದ ಕಟ್ಟಿದ ಹಳೆಯ ಕ್ಯಾಲೆಂಡರುಗಳ ಸುರುಳಿ ತಂದು ಮೇಜಿನ ಮೇಲೆ ಹಾಕಿದಳು. ಪ್ರತಿ ಸೋಮವಾರ ನಾನು ಕಲಬುರಗಿಯ ಬಸ್ಸಿಳಿದು ಬಂದ ಕೂಡಲೇ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುವುದು ಅವಳ ಪದ್ಧತಿ. "ಬರೀಬ್ಯಾಡ ಆಪಾ, ಬಸ್ಸಿನಾಗ ನಿಂತು ಬಂದೀನಿ, ಹೆಚ್ಚೇ ಇರ್ತದ" ಎಂದು ಪ್ರತಿ ಸಲ ಹೇಳುತ್ತಿದ್ದೆ. ಹೂಂ ಅನ್ನುತ್ತಿದ್ದಳು. ಬರೆಯುತ್ತಲೂ ಇದ್ದಳು! ಸೋಮವಾರದ ಪ್ರತಿ ಚೌಕದಲ್ಲೂ ಸಣ್ಣ ಅಂಕಿ, ಗುಳಿಗೆಯ ಹೆಸರು, ಅಲ್ಲಲ್ಲಿ ಟಿಪ್ಪಣಿ: 'ಸಿಟ್ಟಿನಾಗ ಇದ್ರು.' 'ಉಪ್ಪಿನಕಾಯಿ ತಿಂದಾರ.' 'ಗುಳಿಗಿ ತಗೊಂಡಿಲ್ಲ, ತಗೊಂಡೀನಿ ಅಂದ್ರು.'

ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಸಂಜೆಯೇ ಕಲಬುರಗಿಯ ಜಗತ್ ಸರ್ಕಲ್ಲಿನ ದವಾಖಾನೆಗೆ ಓಡಿದೆ. ಅಲ್ಲಿನ ಫಿಜಿಶಿಯನ್ ಕಾಲೇಜಿನಲ್ಲಿ ನನ್ನ ಜೂನಿಯರ್. ನೇರ ಒಳಗೆ ಹೋಗಬಹುದಿತ್ತು. ಈ ಸಲ ರೋಗಿಯಾಗಿಯೇ ಹೋಗಬೇಕೆಂದು ಟೋಕನ್ ತೆಗೆದುಕೊಂಡು ಬೆಂಚಿನ ಮೇಲೆ ಕುಳಿತೆ. ಪಕ್ಕದಲ್ಲಿ ಕಮಲಾಪುರದ ಮುದುಕಿಯೊಬ್ಬಳು, ನನ್ನದೇ ರೋಗಿ.

"ಯಪ್ಪಾ, ಡಾಕ್ಟರ್ ಸಾಬ್! ನಿಮ್ಮ ಗುಳಿಗಿ ನಿಮಗೇ ಹತ್ತಂಗಿಲ್ಲೇನ್ರಿ?"

ಬೆಂಚಿಗೆ ಬೆಂಚೇ ನಕ್ಕಿತು. ನಾನೂ ನಕ್ಕೆ. ಆಮೇಲೆ ಮೆಲ್ಲಗೆ ಕೇಳಿದೆ: "ನನ್ನ ಬಿಟ್ಟು ಇಲ್ಲ್ಯಾಕ ಬಂದಿ, ಅವ್ವಾ?" ಅವಳು ಸೆರಗು ಸರಿಮಾಡಿಕೊಳ್ಳುತ್ತ ಛಾವಣಿ ನೋಡಿದಳು.

ಒಳಗೆ ನನ್ನ ಜೂನಿಯರ್ ಕ್ಯಾಲೆಂಡರುಗಳನ್ನು ಒಂದೊಂದಾಗಿ ಬಿಚ್ಚಿ ಓದಿದ. ಇ.ಸಿ.ಜಿ. ತೆಗೆದ, ರಕ್ತ ಪರೀಕ್ಷೆಗೆ ಬರೆದ, ಗುಳಿಗೆಯನ್ನೇ ಬದಲಿಸಿದ. "ಅಣ್ಣಾ, ಇಂಥಾ ರೆಕಾರ್ಡ್ ನನ್ನ ದವಾಖಾನಿ ಕಂಪ್ಯೂಟರಿನಾಗೂ ಇಲ್ಲ. ಈ ಆಪಾನ್ನ ನನಗ ಕೊಟ್ಟುಬಿಡ್ರಿ, ಬೇಕಾದ್ರ ನಿಮ್ಮನ್ನ ಪುಕ್ಕಟೆ ನೋಡ್ತೀನಿ" ಎಂದು ಪತ್ರಕ್ಕೆ ಸಹಿ ಹಾಕಿದ.

ಶುಕ್ರವಾರ ಎಲ್ಲವೂ ನಿಧಿಯ ಕಚೇರಿಗೆ ಹೋಯಿತು, ಕ್ಯಾಲೆಂಡರುಗಳ ಪ್ರತಿಯೂ. ಗೆಳೆಯರಿಗೆ ನನ್ನ ಅಭಿಪ್ರಾಯವನ್ನೂ ಕಳಿಸಿದೆ: ಸೇರಿರಿ, ಆದರೆ ಫಾರ್ಮನ್ನು ನಿಮ್ಮ ನರ್ಸಿನ ಎದುರು ಕುಳಿತು ತುಂಬಿರಿ.

ಮುಂದಿನ ವಾರದ ಸೋಮವಾರ ಬಸ್ಸು ಕಮಲಾಪುರ ಮುಟ್ಟುವ ಹೊತ್ತಿಗೆ ಫೋನಿನಲ್ಲಿ ಎರಡು ಸಂದೇಶ ಬಂದವು. ಒಂದರಲ್ಲಿ ನನ್ನ ಹೆಸರು, ಇನ್ನೊಂದರಲ್ಲಿ ಆಪಾನದು. ಇಬ್ಬರೂ ಸದಸ್ಯರಾಗಿದ್ದೆವು, ಅವಳ ಮೊಣಕಾಲಿನ ಆಪರೇಶನ್ನಿಗೂ ಒಪ್ಪಿಗೆ! ಬಸ್‌ಸ್ಟ್ಯಾಂಡಿನಿಂದ ದವಾಖಾನೆಯವರೆಗೆ, ಕೆಂಪು ಬಾಳೆಯ ಗಾಡಿಗಳ ನಡುವೆ, ಈ ವಯಸ್ಸಿನಲ್ಲಿ ಓಡಿದೆ. ಏದುಸಿರಿನಲ್ಲಿ ಫೋನನ್ನು ಅವಳ ಮುಖದ ಮುಂದೆ ಹಿಡಿದೆ.

ಆಪಾ ಎರಡು ಸಲ ಓದಿದಳು. ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. ಆಮೇಲೆ ಬಿ.ಪಿ. ಪೆಟ್ಟಿಗೆ ತೆರೆದಳು.

"ಕೈ ಕೊಡ್ರಿ ಸಾಬ್. ಇವತ್ತ ಸೋಮವಾರ."

"ಓಡಿ ಬಂದೀನಿ ಆಪಾ, ಹೆಚ್ಚೇ ಇರ್ತದ."

"ಬರೀಬ್ಯಾಡೇನು?"

"ಬರಿ," ಎಂದೆ. "ಖುಷಿಲೆ ಓಡಿ ಬಂದಾರ ಅಂತನೂ ಬರಿ."