ಆಯೇರಿ ಒಯ್ಯದ ಎರಡು ವರ್ಷ

ಅತ್ತೆಯ ದಿನಕರ್ಮ ಮುಗಿದ ಮರುದಿನ ನನ್ನ ಗಂಡ ಟ್ರಂಕಿನಿಂದ ಒಂದು ಉದ್ದನೆಯ ವಹಿ ತೆಗೆದು ನನ್ನ ಮುಂದೆ ಇಟ್ಟರು. ಅದು ನಾದಿನಿಯ ಮದುವೆಗೆ ಬಂದ ಆಯೇರಿಯ ಲೆಕ್ಕ. ಮದುವೆಗೆ ಬಂದ ಬಂಧುಗಳು ಸೀರೆ, ಧೋತರ, ಕುಪ್ಪಸದ ಖಣ ತಂದು ಮನೆಯವರಿಗೆ ಕೊಡುವುದಕ್ಕೆ ನಮ್ಮ ಕಡೆ ಆಯೇರಿ ಅನ್ನುತ್ತಾರೆ. ಅದು ಉಡುಗೊರೆ ಎಂದು ತಿಳಿದವರು ನಮ್ಮ ಕಡೆಯವರಲ್ಲ. ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ ಅಷ್ಟೇ ತೂಕದ್ದನ್ನು, ಸಾಧ್ಯವಾದರೆ ತುಸು ಹೆಚ್ಚಿನದ್ದನ್ನು, ತಿರುಗಿ ಮುಟ್ಟಿಸಬೇಕು. ಅದಕ್ಕೆ ಬಡ್ಡಿ ಎಂದು ಯಾರೂ ಅನ್ನುವುದಿಲ್ಲ, ಕಳ್ಳುಬಳ್ಳಿ, ಎಂದರೆ ಕರುಳಿನ ನಂಟು, ಅನ್ನುತ್ತಾರೆ.

ವಹಿಯಲ್ಲಿ ನೂರಕ್ಕೂ ಮೇಲೆ ಹೆಸರುಗಳಿದ್ದವು. ನಮ್ಮವರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ತಾಲೂಕಿನಲ್ಲಿ ಹರಡಿಕೊಂಡವರು. ಅತ್ತೆ ತೀರಿಸಿ ಗೆರೆ ಎಳೆಸಿದ್ದು ಇಪ್ಪತ್ತೋ ಮೂವತ್ತೋ ಮನೆಯದು. ಉಳಿದದ್ದೆಲ್ಲ ನನ್ನ ಪಾಲಿಗೆ ಬಂತು. ಮಂದಿಗೆ ಅತ್ತೆಯ ಬಂಗಾರ ಬರುತ್ತದೆ, ನನಗೆ ಇದು ಬಂತು ಎಂದು ನಕ್ಕಿದ್ದೆ. ನಗುವ ವಿಷಯ ಅಲ್ಲ ಎಂದು ಆಗ ಗೊತ್ತಿರಲಿಲ್ಲ.

ನಮ್ಮ ಮನೆ ಬಾಗೇವಾಡಿಯಲ್ಲಿ; ನಾನು ಗೊಳಸಂಗಿ ಹತ್ತಿರದ ಒಂದು ಸರಕಾರಿ ಶಾಲೆಯಲ್ಲಿ ಕನ್ನಡ ಕಲಿಸುವ ಅತಿಥಿ ಶಿಕ್ಷಕಿ. ಶಾಲೆ ನಡೆದಷ್ಟು ತಿಂಗಳು ಗೌರವಧನ, ಬೇಸಿಗೆ ಸೂಟಿ ಬಂತೆಂದರೆ ಗೌರವ ಮಾತ್ರ. ನನ್ನ ಗಂಡ ಆಲಮಟ್ಟಿಯಲ್ಲಿ ಕಾಲುವೆ ಕೆಲಸದ ಗುತ್ತಿಗೆದಾರನ ಕೈಕೆಳಗೆ ಇದ್ದರು. ಬಿಲ್ಲು ಪಾಸಾದರೆ ಪಗಾರ, ಇಲ್ಲದಿದ್ದರೆ ಇಲ್ಲ. ನಮ್ಮ ಮಂದಿಯ ಲಗ್ನಗಳೆಲ್ಲ ಬೇಸಿಗೆಯಲ್ಲೇ ಬರುತ್ತವೆ. ಕೈಯಲ್ಲಿ ಒಂದು ಪೈಸೆ ಇಲ್ಲದ ಎರಡು ತಿಂಗಳಿನಲ್ಲಿ ಬಾಗಿಲ ಸಂದಿಯಿಂದ ಲಗ್ನಪತ್ರಿಕೆಗಳು ಒಳಗೆ ಬೀಳುತ್ತಿದ್ದವು.

ಮೊದಲು ಅರಿವೆ ಅಂಗಡಿಯಲ್ಲಿ ಉದ್ರಿ ತಂದೆ. ಉದ್ರಿ ತೀರಿಸಲು ಮಹಿಳೆಯರಿಗೆ ವಾರದ ಕಂತಿನ ಮೇಲೆ ಸಾಲ ಕೊಡುವ ಸಂಘ ಸೇರಿದೆ. ಆ ಸಂಘದ ಕಂತು ಕಟ್ಟಲು ಇನ್ನೊಂದು ಸಂಘ, ಎರಡನ್ನೂ ಸುಧಾರಿಸಲು ಮೂರನೆಯದು. ಬಳೆ, ಬೆಂಡೋಲೆ ಒತ್ತೆ ಬಿದ್ದವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆಯ ಅರ್ಥವನ್ನು ನಾನೇ ಮಕ್ಕಳಿಗೆ ಹಲಗೆಯ ಮೇಲೆ ಬರೆದು ವಿವರಿಸಿದ್ದೇನೆ. ಅದೇ ವಾರ ಸಿಂದಗಿಯ ಮದುವೆಗೆ ಇಳಕಲ್ ಸೀರೆ ಹಿಡಿದು ಹೋಗಿದ್ದೆ.

ಓಣಿಯಲ್ಲಿ ಮೋಟಾರು ಸೈಕಲ್ ಸದ್ದಾದರೆ ವಸೂಲಿಯವನೇ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಪಾಠ ಮಾಡುತ್ತಿದ್ದಾಗ ಫೋನು ಗುರ್ ಅಂದರೆ ವಾಕ್ಯ ಅಲ್ಲೇ ನಿಲ್ಲುತ್ತಿತ್ತು, ಮಕ್ಕಳು ಮುಖ ನೋಡುತ್ತಿದ್ದವು. ಶಾಲೆಗೆ ಹೋಗುವ ಬಸ್ಸು ಕಾಲುವೆ ದಾಟುವಾಗ ನೀರು ನೋಡುತ್ತ ಕೂತರೆ ಬರಬಾರದ ವಿಚಾರ ಬರುತ್ತಿದ್ದವು. ನನ್ನ ವಿಚಾರಕ್ಕೆ ನಾನೇ ಹೆದರಿ, ಆ ಕಡೆಯ ಕಿಟಕಿ ಬಿಟ್ಟು ನಡುವಿನ ಸೀಟಿನಲ್ಲಿ ಕೂರತೊಡಗಿದೆ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಮೊದಲ ಸಂಘದಲ್ಲಿ ನಾವು ಹತ್ತು ಜನ. ಒಬ್ಬರ ಸಾಲಕ್ಕೆ ಒಂಬತ್ತು ಜನ ಜಾಮೀನು. ಯಾರಾದರೂ ಕಂತು ತರದಿದ್ದರೆ ಉಳಿದವರು ತುಂಬಬೇಕು, ತುಂಬುವತನಕ ಯಾರೂ ಸಭೆ ಕೂಡಿದ ಪಡಸಾಲೆಯಿಂದ ಏಳುವಂತಿಲ್ಲ. ಒಂದು ಮಂಗಳವಾರ ತರದವಳು ನಾನಾಗಿದ್ದೆ. ವಸೂಲಿಗೆ ಬಂದವನು ಕೂಗಾಡಲಿಲ್ಲ, ಹೆಲ್ಮೆಟ್ಟು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತ. ಒಂದು ತಾಸು ಆಯಿತು, ಎರಡು ತಾಸು ಆಯಿತು. ಒಬ್ಬಳ ಮನೆಯಲ್ಲಿ ಎಮ್ಮೆ ಕರೆಯುವ ಹೊತ್ತು ಮೀರಿತ್ತು, ಇನ್ನೊಬ್ಬಳ ಕೂಸು ಅತ್ತೂ ಅತ್ತೂ ಮಲಗಿತ್ತು. ಯಾರೂ ನನ್ನ ಮುಖ ನೋಡಲಿಲ್ಲ.

ಕೊನೆಗೆ ನಮ್ಮ ಓಣಿಯ ತುದಿಮನೆಯಾಕೆ ಸೆರಗಿನ ಗಂಟು ಬಿಚ್ಚಿದಳು. ಅವಳದು ಕುರಿ ಕಾಯುವವರ ಮನೆ. ತನ್ನ ಅತ್ತೆಯ ಕಣ್ಣಿನ ಆಪರೇಶನ್ನಿಗೆ ಕೂಡಿಸಿಟ್ಟಿದ್ದರಲ್ಲಿ ನನ್ನ ಕಂತು ಎಣಿಸಿ ಕೊಟ್ಟಳು. ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ, ಸಿಟ್ಟೇನೂ ಇಲ್ಲದ ದನಿಯಲ್ಲಿ ನನಗೆ ಹೇಳಿದಳು:

“ಟೀಚರ, ಹ್ವಾದ ವಾರ ಸಿಂದಗಿಗೆ ಇಳಕಲ್ ಸೀರಿ ಒಯ್ದಿದ್ರಂತಲ್ಲರಿ. ನಿಮ್ಮ ಬೀಗರಿಗೆ ಅದನ್ನ ನಾನ ಉಡಿಸಿದಂಗಾತು ನೋಡ್ರಿ.”

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಹತ್ತುತ್ತಿರಲಿಲ್ಲ. ಸಾಲ ಎಂದರೆ ನನ್ನದು, ನಾನು ಮತ್ತು ಸಾಲ ಕೊಟ್ಟ ಕಂಪನಿಯವರು ನೋಡಿಕೊಳ್ಳುವ ವಿಷಯ ಎಂದು ತಿಳಿದಿದ್ದೆ. ಆದರೆ ನಾನು ಮಾನ ಉಳಿಸಿಕೊಂಡದ್ದು ಯಾವಳದೋ ಮುದುಕಿ ಅತ್ತೆಯ ಕಣ್ಣಿನ ಮೇಲೆ. ಮನೆಗೆ ಬಂದು, ಎರಡು ವರ್ಷ ಯಾರ ಮನೆಗೂ ಆಯೇರಿ ಒಯ್ಯುವುದಿಲ್ಲ ಎಂದು ಗಂಡನಿಗೆ ಹೇಳಿದೆ. ಮಂದಿ ಏನು ಅಂದಾರು ಎಂದು ಅವರು ಕೇಳಿದರು. ಮಂದಿ ಬಂದು ಕಂತು ಕಟ್ಟುತ್ತಾರೇನು ಎಂದು ನಾನು ಕೇಳಿದೆ. ಅವರು ವಹಿಯನ್ನು ತಿರುಗಿ ಟ್ರಂಕಿಗೆ ಹಾಕಿದರು.

ಮನೆತನದ ವಾಟ್ಸಾಪ್ ಗುಂಪಿನಲ್ಲಿ ಬರೆದು ಹಾಕಿದೆ. ನಮಗೆ ಸಾಲ ಬಹಳ ಆಗಿದೆ, ತೀರುವತನಕ ನಿಮ್ಮ ಕಾರ್ಯಗಳಿಗೆ ಬರುತ್ತೇವೆ, ಅಕ್ಷತೆ ಹಾಕುತ್ತೇವೆ, ಉಂಡು ಹೋಗುತ್ತೇವೆ, ಆಯೇರಿ ತರುವುದಿಲ್ಲ, ತಪ್ಪು ತಿಳಿಯಬೇಡಿ. ನಾಲ್ಕು ಮಂದಿ ಕೈಮುಗಿಯುವ ಚಿತ್ರ ಹಾಕಿದರು. ಉಳಿದವರು ಓದಿ ಸುಮ್ಮನಾದರು. ಅದಾದ ಮೇಲೆ ಸಿಂದಗಿಯ ಒಂದು ಕಾರ್ಯಕ್ಕೆ ಹೋದರೆ ಊಟಕ್ಕೆ ಏಳಿ ಎಂದು ಯಾರೂ ಕರೆಯಲಿಲ್ಲ, ನಾನೇ ಹೋಗಿ ಪಂಕ್ತಿಯಲ್ಲಿ ಕೂತೆ. ಮುದ್ದೇಬಿಹಾಳದವರು ಪತ್ರಿಕೆಯನ್ನೇ ಕಳಿಸಲಿಲ್ಲ, ಅದರ ಫೋಟೋ ಮಾತ್ರ ಫೋನಿಗೆ ಬಂತು. ಕೊಟ್ಟವ ಕೋಡಂಗಿ, ಇಸಕೊಂಡವ ಈರಭದ್ರ ಅನ್ನುತ್ತಾರೆ. ನಾನು ಕೋಡಂಗಿ ಆಗಿದ್ದಾಗಲೇ ನನಗೆ ಹೆಚ್ಚು ಮರ್ಯಾದೆ ಇತ್ತು.

ಸಾಲ ಹೇಗೆ ತೀರಿಸಿದಿರಿ ಎಂದು ಈಗ ಕೆಲವರು ಕೇಳುತ್ತಾರೆ. ಮಂತ್ರ ಏನೂ ಇಲ್ಲ. ತುದಿಮನೆಯಾಕೆಯ ದುಡ್ಡು ಎಲ್ಲಕ್ಕಿಂತ ಮೊದಲು ಮುಟ್ಟಿಸಿದೆ. ಆಮೇಲೆ ಹಳೆಯ ಸಾಲಕ್ಕೆ ಹೊಸ ಸಾಲ ಎತ್ತುವುದನ್ನು ನಿಲ್ಲಿಸಿದೆ, ಅದೊಂದೇ ದೊಡ್ಡ ಪಾಠ. ಅರಿವೆ ಅಂಗಡಿಯವನ ಎದುರು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಅವನು ಬೈದ, ಬೈದು ಆರು ತಿಂಗಳ ಗಡುವು ಕೊಟ್ಟ. ಶಾಲೆ ಬಿಟ್ಟ ಮೇಲೆ ಸೀರೆಗಳಿಗೆ ಫಾಲ್ ಹಚ್ಚುವ ಕೆಲಸ ಹಿಡಿದೆ. ಲಗ್ನದ ಸೀಜನ್ನಿನಲ್ಲಿ ಅದಕ್ಕೆ ಬರವಿಲ್ಲ. ಮಂದಿಗೆ ಬಂದ ಆಯೇರಿ ಸೀರೆಗಳೆಲ್ಲ ನನ್ನ ತೊಡೆಯ ಮೇಲೆ ಹಾದು ಹೋದವು. ಸೂಜಿ ಚುಚ್ಚಿದ ಬೆರಳಲ್ಲಿ ಮಕ್ಕಳ ನೋಟ್‌ಬುಕ್ ತಿದ್ದಿದೆ. ಎರಡು ಸಂಘ ಮುಗಿದವು, ಒಂದು ಉಳಿಯಿತು.

ಅಷ್ಟರಲ್ಲಿ ಇಂಡಿಯಲ್ಲಿ ಅಣ್ಣನ ಕಿರಿಯ ಮಗಳ ಮದುವೆ ಗೊತ್ತಾಯಿತು.

ಅಣ್ಣ ನಿಂಬೆಹಣ್ಣಿನ ವ್ಯಾಪಾರಿ. ಅವ್ವ ಅಪ್ಪ ಹೋದ ಮೇಲೆ ನನ್ನನ್ನು ಬಿ.ಎಡ್. ಓದಿಸಿದವನು ಅವನೇ. ಮದುವೆಯಲ್ಲಿ ಮದುಮಗಳಿಗೆ ಮೊದಲ ಆಯೇರಿ ಸೋದರತ್ತೆಯದು, ಎಂದರೆ ನನ್ನದು. ಅದನ್ನು ಮೈಕಿನಲ್ಲಿ ಹೆಸರು ಹೇಳಿ ಕರೆದು ಮಾಡಿಸುತ್ತಾರೆ. ಅಣ್ಣನಿಗೂ ಇದೇ ಚಿಂತೆ ಹತ್ತಿತ್ತು. ಮದುವೆಗೆ ಎಂಟು ದಿನ ಇರುವಾಗ ಅವನು ಫೋನು ಮಾಡಿದ. ಅದೂ ಇದೂ ಮಾತಾಡಿ, ಮಳೆ ಮಾತಾಡಿ, ಕೊನೆಗೆ ಮೆಲ್ಲಗೆ ವಿಷಯಕ್ಕೆ ಬಂದ.

“ನೀ ಏನೂ ತರಬ್ಯಾಡವ್ವ. ಸೀರಿ ನಾ ತಂದಿಟ್ಟಿರ್ತೇನಿ. ನಾಕು ಮಂದ್ಯಾಗ ನೀ ಬರೇ ಕೈಯಿಂದ ಎತ್ತಿ ಕೊಡು.”

ಎಷ್ಟು ಸಂಕಟದಿಂದ ಆ ಮಾತು ಹೇಳಿರಬೇಕು ಎಂದು ಈಗ ತಿಳಿಯುತ್ತದೆ. ಆಗ ನನಗೆ ತಿಳಿದದ್ದು ಒಂದೇ, ಇದೂ ಒಂದು ಸಾಲ. ಒಂದು ವರ್ಷ ಬೇಡ ಬೇಡ ಅಂದು ಅಂದು ನನ್ನ ನಾಲಿಗೆಗೆ ಬೇರೆ ಮಾತೇ ಮರೆತುಹೋಗಿತ್ತು.

“ನೀ ತಂದಿದ್ದ ನಿನಗ ಕೊಟ್ರ ಅದು ಆಯೇರಿ ಅಲ್ಲೋ ಅಣ್ಣ, ನಾಟಕ ಆಕ್ಕೈತಿ. ನಾ ಮಾಡಂಗಿಲ್ಲ.”

ಅಣ್ಣ ಆತವ್ವ ಅಂದು ಫೋನು ಇಟ್ಟ.

ಮದುವೆಯ ದಿನ ಮೈಕಿನವನು ಬಾಗೇವಾಡಿಯ ಸೋದರತ್ತೆಯವರು ಬರಬೇಕು ಎಂದು ಮೂರು ಸಲ ಕರೆದ. ಅವನಿಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತದೆ. ಬರಿಗೈಯಲ್ಲಿ ವೇದಿಕೆ ಹತ್ತಿದೆ. ಹುಡುಗಿ ಕಾಲಿಗೆ ಬಿದ್ದಳು, ತಲೆ ಮುಟ್ಟಿ ಹರಸಿದೆ. ಬೀಗರ ಕಡೆಯ ಹೆಂಗಸರು ನನ್ನ ಹಿಂದೆ ಚೀಲ ಹಿಡಿದವರು ಯಾರಾದರೂ ಬರುತ್ತಾರೇನೋ ಎಂದು ನೋಡಿದರು. ಅತ್ತಿಗೆಯ ಮುಖ ಕಪ್ಪಿಟ್ಟಿತು. ಅಣ್ಣ ಫೋಟೋ ತೆಗೆಯುವವನ ಕಡೆ ತಿರುಗಿ ನಿಂತಿದ್ದ, ನಾನು ಇಳಿಯುವತನಕ ತಿರುಗಲಿಲ್ಲ. ನನಗೆ ಅವತ್ತು ಅವಮಾನ ಆಗಲಿಲ್ಲ, ನಿಜ ಹೇಳಬೇಕೆಂದರೆ ಹೆಮ್ಮೆ ಆಯಿತು. ನೋಡಿ, ಸುಳ್ಳು ಮಾಡದೆ ನಿಂತೆ ಎಂಬ ಹೆಮ್ಮೆ. ಈಗ ನಾಚಿಕೆ ಆಗುವುದು ಆ ಹೆಮ್ಮೆಯ ಬಗ್ಗೆಯೇ.

ಮುಂದಿನ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಕೊನೆಯ ಕಂತು ಕಟ್ಟಿದೆ. ವಸೂಲಿಯವನು ಪುಸ್ತಕದ ಮೇಲೆ ಮುಕ್ತಾಯ ಎಂದು ಬರೆದುಕೊಟ್ಟ, ಹೊಸ ಸಾಲ ಬೇಕೇನ್ರಿ ಎಂದೂ ಕೇಳಿದ. ಮನೆಯಲ್ಲಿ ಹೋಳಿಗೆ ಮಾಡಿ ತುದಿಮನೆಗೂ ಕೊಟ್ಟು ಬಂದೆ. ಮಧ್ಯಾಹ್ನ ಬಾಗಿಲು ತೆರೆದೇ ಮಲಗಿದೆ. ಎಷ್ಟೋ ವರ್ಷದ ಮೇಲೆ ಹಾಗೆ ಮಲಗಿದ್ದೆ.

ನಾಗರ ಪಂಚಮಿಗೆ ಎರಡು ದಿನ ಇರುವಾಗ ಅಣ್ಣ ಬಂದ. ಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ಅಣ್ಣ ಬರುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಪದ್ಧತಿ. ಮಗಳ ಮದುವೆಯಾದ ಮೇಲೆ ಅವನು ಒಮ್ಮೆಯೂ ಮಾತಾಡಿರಲಿಲ್ಲ. ಅವನ ಕೈಯಲ್ಲಿ ದೊಡ್ಡ ಚೀಲ ಕಂಡು, ಹಬ್ಬದ ಉಂಡಿ ತಂದಿದ್ದಾನೆ, ಸಿಟ್ಟು ಇಳಿದಿದೆ ಎಂದುಕೊಂಡೆ. ಬಾ, ಕೂಡು ಎಂದೆ. ಒಳಗೆ ಓಡಿ ಚಹಾಕ್ಕೆ ಇಟ್ಟೆ. ಇನ್ನೊಂದು ಒಲೆಯ ಮೇಲೆ ಅವಲಕ್ಕಿಗೆ ಒಗ್ಗರಣೆ ಹಾಕುತ್ತ, ಯಾವ ಸೀರೆ ಉಟ್ಟು ಹೋಗಲಿ ಎಂದು ಆಗಲೇ ಯೋಚಿಸುತ್ತಿದ್ದೆ.

ನೀರಿನ ತಂಬಿಗೆ ಹಿಡಿದು ಹೊರಗೆ ಬಂದರೆ ಅವನು ಕೂತಿರಲಿಲ್ಲ. ಚೀಲವನ್ನು ಕಾಟಿನ ಮೇಲೆ ಇಟ್ಟು ನಿಂತಿದ್ದ.

“ನಮ್ಮ ಮನಿಗೆ ನೀ ಇಲ್ಲೀತನಕ ತಂದದ್ದೆಲ್ಲಾ ಇದರಾಗ ಐತಿ. ಹೊಸ ಮನಿ ಶಾಂತಿದು, ಹಿರೇ ಮಗಳ ಲಗ್ನದ್ದು, ಕುಬಸದ್ದು. ಎಲ್ಲಾ ಹೊಸಾದು ತಂದೇನಿ. ನಿನಗೂ ಸಾಲ ಬ್ಯಾಡ, ನನಗೂ ಬ್ಯಾಡ.”

ಅಣ್ಣ, ತಪ್ಪಾಯಿತು ಎಂದೆ. ಪಂಚಮಿಗೆ ನಾನೇ ಬರುತ್ತೇನೆ ಎಂದೆ. ಪಂಚಮಿಗೆ ಮನೆಯಲ್ಲಿ ಯಾರೂ ಇರುವುದಿಲ್ಲ ಅಂದ. ನೀರು ಮುಟ್ಟಲಿಲ್ಲ, ಬಸ್ಸಿನ ಹೊತ್ತಾಯಿತು ಎಂದು ಹೊರಟ. ಬಾಗಿಲವರೆಗೆ ಹಿಂದೆ ಹೋದೆ, ಓಣಿ ತಿರುಗುವವರೆಗೆ ನೋಡಿದೆ. ಒಳಗೆ ಚಹಾ ಉಕ್ಕಿ ಒಲೆ ಆರಿತ್ತು.

ಚೀಲ ಬಿಚ್ಚಿ ಚಾಪೆಯ ಮೇಲೆ ಒಂದೊಂದಾಗಿ ಹರವಿದೆ. ಅಣ್ಣನ ಮನೆಗೆ ನಾನು ಒಯ್ದದ್ದು ಬರೆದಿಡುವ ಅಗತ್ಯ ಎಂದೂ ಬಿದ್ದಿರಲಿಲ್ಲ, ಎಲ್ಲ ನೆನಪಿತ್ತು. ಅತ್ತಿಗೆಗೆ ಕೊಟ್ಟ ಹಸಿರು ಸೀರೆಗೆ ಹಸಿರು ಸೀರೆ, ಅಣ್ಣನ ಧೋತರಕ್ಕೆ ಧೋತರ, ಹಿರಿಯವಳು ಬಸುರಿದ್ದಾಗ ಮಾಡಿದ ಕುಬಸದ ಸೀರೆ, ಖಣಗಳು. ಒಂದು ಖಣವಾದರೂ ಕಡಿಮೆ ಇದ್ದರೆ ಅಷ್ಟು ಬಾಕಿಯಾದರೂ ನಮ್ಮಿಬ್ಬರ ನಡುವೆ ಉಳಿಯುತ್ತಿತ್ತು. ಮೂರು ಸಲ ಎಣಿಸಿದೆ. ಏನೂ ಕಡಿಮೆ ಇರಲಿಲ್ಲ.