ಹೊಸ ಅಕ್ಕಿ ಕೊಡುವ ಕೈ

ಕೆಸುವಿನ ದಂಟಿನ ನಾರು ತೆಗೆಯುತ್ತಿದ್ದಾಗ ಅಬುಧಾಬಿಯಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಮನೆಗೆ ಬರುವ ಗಂಡನ ಫೋನು ಬಂತು. ಕೈಯೆಲ್ಲ ತುರಿಸುತ್ತಿತ್ತು. ಕಿರುಬೆರಳಲ್ಲಿ ಒತ್ತಿ ಸ್ಪೀಕರ್‌ಗೆ ಹಾಕಿದೆ.

"ಇವತ್ತು ಬರ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ಜೊತೆಯವನಿಗೆ ಜ್ವರ. ಅವನ ಡ್ಯೂಟಿ ನನ್ನ ತಲೆಗೆ ಬಂತು."

"ಐದು ಬಗೆ ಅಡುಗೆ ಮಾಡ್ತಿದ್ದೇನೆ. ತಿನ್ನುದು ಯಾರು?"

"ನೀನೇ. ಊರಲ್ಲಿ ನನ್ನ ಪಾಲನ್ನೂ ನೀನೇ ತಿಂತಿದ್ದದ್ದಲ್ವಾ?"

ನಗಿಸಲೆಂದು ಹೇಳಿದ್ದು. ನಗು ಬರಲಿಲ್ಲ.

ಅಂದು ತೆನೆ ಹಬ್ಬ, ಮಾತೆ ಮರಿಯಮ್ಮನ ಹುಟ್ಟುಹಬ್ಬ. ಕರಾವಳಿಯ ಕ್ರೈಸ್ತರಾದ ನಾವು ಆ ದಿನ ಬರೀ ತರಕಾರಿ ಉಣ್ಣುತ್ತೇವೆ, ಬಗೆಗಳು ಬೆಸ ಸಂಖ್ಯೆಯಲ್ಲಿರಬೇಕು. ಊಟಕ್ಕೆ ಮೊದಲು, ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ತೆನೆಯ ಅಕ್ಕಿಯನ್ನು ಅರೆದು ತೆಂಗಿನ ಹಾಲಿಗೆ ಬೆರೆಸಿ ಸೇವಿಸುವುದು. ನಮ್ಮ ಮನೆಯ ಕ್ರಮದಲ್ಲಿ ಅದನ್ನು ಯಾರೂ ತಾವೇ ತೆಗೆದುಕೊಳ್ಳುವಂತಿಲ್ಲ, ಇನ್ನೊಬ್ಬರು ಅಂಗೈಗೆ ಹಾಕಬೇಕು. ದುಬೈಗೆ ಬಂದ ಮೇಲೆ ನಾವಿಬ್ಬರೇ ಒಬ್ಬರಿಗೊಬ್ಬರು ಹಾಕಿಕೊಳ್ಳುತ್ತಿದ್ದೆವು.

ಬೆಳಗ್ಗೆ ಜೆಬೆಲ್ ಅಲಿಯ ಚರ್ಚಿನಲ್ಲಿ ಒಂದೇ ಒಂದು ತೆನೆ ಸಿಕ್ಕಿತ್ತು. ಅಷ್ಟಾದರೂ ಸಿಕ್ಕಿತಲ್ಲ, ದೇವರ ದಯೆ. ಅರೆದು, ಬೆರೆಸಿ, ಮನೆಯ ದೇವರಪೀಠ ಅಲ್ತಾರಿನ ಮುಂದೆ ಇಟ್ಟೆ. ಗಂಟೆ ಎರಡಾಯಿತು. ಬೆಳಗ್ಗಿನಿಂದ ನೀರು ಬಿಟ್ಟರೆ ಬೇರೇನೂ ಹೊಟ್ಟೆಗೆ ಹೋಗಿರಲಿಲ್ಲ. ನಾನೇ ತೆಗೆದುಕೊಂಡರೆ ಮರಿಯಮ್ಮ ಸಿಟ್ಟಾಗುತ್ತಾಳೆಯೇ? ಚಮಚ ಎತ್ತಿದೆ, ಮತ್ತೆ ಇಟ್ಟೆ. ಹಬ್ಬದ ದಿನ ಕೊಡಲು ಒಂದು ಕೈ ಇಲ್ಲವಲ್ಲ ಎಂದು ಅಳು ಬಂತು.

ಆಗ ಬಾಗಿಲಿನ ಬೆಲ್ ಆಯಿತು. ಕೆಳಗಿನ ಮನೆಯ ಬ್ಯಾರಿ ಮುಸ್ಲಿಂ ಹೆಂಗಸು, ಉಳ್ಳಾಲದವರು. ಕೈಯಲ್ಲಿ ಮುಚ್ಚಿದ ತಟ್ಟೆ.

"ನಿಮ್ಮ ಹಬ್ಬ ಅಲ್ವಾ ಬಾಯಮ್ಮ? ಅಂಜಲ್ ಫ್ರೈ ಮಾಡಿದ್ದೇನೆ."

"ಅಯ್ಯೋ ಅಕ್ಕ, ಇವತ್ತು ಮೀನು ಮುಟ್ಲಿಕ್ಕಿಲ್ಲ."

"ಯಾ ಅಲ್ಲಾ! ನೀವು ಹಂದಿ ಮಾಡಿದ ದಿನ ನಾನು ಬರುದಿಲ್ಲ, ನಾನು ಮೀನು ತಂದ ದಿನ ನೀವು ತಿನ್ನುದಿಲ್ಲ. ಒಳ್ಳೆ ನೆರೆಕರೆ!" ಅಷ್ಟರಲ್ಲಿ ನನ್ನ ಮುಖ ನೋಡಿ, "ಎಂತ ಆಯ್ತು?" ಎಂದರು.

ಹೇಳಿದೆ. ಕೊನೆಗೆ, "ನೀವು ಕೊಡ್ತೀರಾ?" ಎಂದೆ.

"ನಾನಾ? ನಿಮ್ಮ ಪಾದ್ರಿ ಬೈದ್ರೆ?"

"ಪಾದ್ರಿಗೆ ನಾನು ಹೇಳ್ತೇನೆ."

ಅವರು ಕೈ ತೊಳೆದು, ತಲೆಯ ಮೇಲಿನ ಶಾಲು ಸರಿಮಾಡಿಕೊಂಡು, "ಬಿಸ್ಮಿಲ್ಲಾ" ಎಂದು ಒಂದು ಚಮಚ ನನ್ನ ಅಂಗೈಗೆ ಹಾಕಿದರು. ನಾನು ಶಿಲುಬೆ ಗುರುತು ಹಾಕಿಕೊಂಡು ಬಾಯಿಗಿಟ್ಟೆ. ಅರೆಯದೆ ಉಳಿದ ಒಂದು ನುಚ್ಚು ಹಲ್ಲಿಗೆ ಸಿಕ್ಕಿತು. ಅವರ ಅಂಗೈಗೂ ಹಾಕಿದೆ. "ಉಪ್ಪಿಲ್ಲ, ಸಕ್ಕರೆಯಿಲ್ಲ, ಎಂತ ಹಬ್ಬವಾ!" ಎನ್ನುತ್ತಲೇ ಪೂರ್ತಿ ನುಂಗಿದರು.

ಊಟಕ್ಕೆ ಕೂರಿ ಎಂದೆ. ಮನೆಯಲ್ಲಿ ಮಕ್ಕಳು ಕಾಯುತ್ತಿದ್ದರು, ಹೊರಟರು.

ಐದೂ ಬಗೆ ಬಡಿಸಿಕೊಂಡು ಒಬ್ಬಳೇ ಕುಳಿತೆ. ಎದುರಿನ ಕುರ್ಚಿ ಖಾಲಿಯೇ. ಪಕ್ಕದ ಮನೆಯ ಟಿವಿಯ ಸದ್ದು ಗೋಡೆ ದಾಟಿ ಬರುತ್ತಿತ್ತು. ಉಂಡೆ, ಪೂರ್ತಿ ಉಂಡೆ. ಇನ್ನೊಬ್ಬರ ಕೈಯಿಂದ ಪಡೆದೆನಲ್ಲ, ಅದು ಸಣ್ಣ ಉಪಕಾರವಲ್ಲ.

ಗಂಡನ ಪಾಲಿನ ಒಂದು ಚಮಚವನ್ನು ಪುಟ್ಟ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಟ್ಟೆ. ಯಾವ ವಾರ ಬರುತ್ತಾರೋ, ಅವರಿಗೆ ಕೊಡಲು ನಾನಿದ್ದೇನೆ. ಆಮೇಲೆ ಸಿಂಕಿನಲ್ಲಿ ತಳ ಹಿಡಿದಿದ್ದ ಪಾತ್ರೆಗೆ ಬಿಸಿನೀರು ಬಿಟ್ಟು ಉಜ್ಜಲು ನಿಂತೆ.