ಕನ್ನಡ ಬಾರದವನ ಬೈಕು

ಆ ಬೈಕು ಈಗಲೂ ನನ್ನ ಹತ್ತಿರವೇ ಇದೆ. ಅಹಮದಾಬಾದಿನ ಬೋಪಾಲ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ನಿಂತಿರುತ್ತದೆ. ಹಳೇ ಗಾಡಿಗಳ ಹುಚ್ಚಿರುವ ಯಾರಾದರೂ ನೋಡಿದರೆ, ಇಷ್ಟು ಚೆನ್ನಾಗಿ ಇಟ್ಟುಕೊಂಡಿದ್ದವರು ಯಾರು ಎಂದು ಕೇಳುತ್ತಾರೆ. ಸೂರತ್‌ನವರೊಬ್ಬರು ಅಂತ ಹೇಳಿ ಮಾತು ಬದಲಿಸುತ್ತೇನೆ.

ನಾನು ವಿಮಾ ಕಂಪನಿಯೊಂದರ ನೌಕರ. ಅಹಮದಾಬಾದಿನ ನವರಂಗಪುರದ ಆಫೀಸಿಗೆ ವರ್ಗವಾಗಿ, ಹೆಂಡತಿ, ಮಗಳು, ಅಮ್ಮನ ಜೊತೆ ದಾವಣಗೆರೆ ಬಿಟ್ಟು ಬಂದು ನಾಲ್ಕು ವರ್ಷವಾಗಿತ್ತು. ಕಾಲೇಜಿನ ಕಾಲದಲ್ಲಿ ಆಸೆಪಟ್ಟಿದ್ದ ಬೈಕಿನ ಮಾದರಿ ಅದು. ತಯಾರಿಕೆ ನಿಂತು ಎಷ್ಟೋ ವರ್ಷವಾಗಿದೆ. ಒಂದು ಭಾನುವಾರ ಮೊಬೈಲಿನಲ್ಲಿ ಅದರ ಫೋಟೋ ಕಣ್ಣಿಗೆ ಬಿತ್ತು. ಕಪ್ಪು ಬಣ್ಣ, ಒಬ್ಬರೇ ಮಾಲೀಕರು, ಸೂರತ್. ಫೋನ್ ಮಾಡಿದೆ. ಎತ್ತಿದವರು ಹಿಂದಿಯಲ್ಲಿ ಮಾತಾಡಿದರು, ನಾನೂ ಹಿಂದಿಯಲ್ಲೇ ಮಾತಾಡಿದೆ. ಮುಂದಿನ ಶನಿವಾರ ಹೆಲ್ಮೆಟ್ ಹಿಡಿದುಕೊಂಡು ಬೆಳಗಿನ ರೈಲು ಹತ್ತಿದೆ.

ಸೂರತ್‌ನಲ್ಲಿ ಅವರದು ಒಂದು ಸಣ್ಣ ಇಡ್ಲಿ-ದೋಸೆ ಹೋಟೆಲು, ಅದರ ಮೇಲೆಯೇ ಮನೆ. ಅರವತ್ತು ದಾಟಿದ ಮನುಷ್ಯ. ಎಡ ಹುಬ್ಬಿನ ಮೇಲೆ ಇನ್ನೂ ಪೂರ್ತಿ ಮಾಯದ ಗಾಯವಿತ್ತು. ಗಾಡಿಯನ್ನು ಒರೆಸಿ ಹೋಟೆಲಿನ ಮುಂದೆ ನಿಲ್ಲಿಸಿದ್ದರು. ನಾನು ಬಗ್ಗಿ ಸೈಲೆನ್ಸರ್ ನೋಡುತ್ತಿದ್ದೆ. ಆಗ ಅವರ ಹೆಂಡತಿ ಮೆಟ್ಟಿಲಿಳಿದು ಬಂದು ಗಂಡನಿಗೆ ಹೇಳಿದರು:

"ಇವತ್ತೇ ಕೊಟ್ಟ್ ಕಳ್ಸಿ ಮರಾಯ್ರೆ. ಎಷ್ಟ್ ಕೊಟ್ರೂ ಅಡ್ಡಿಲ್ಲೆ. ಗಾಡಿ ಇಲ್ಲಿದ್ರೆ ನೀವ್ ಮತ್ತೆ ಹತ್ತುದೇ."

ಕುಂದಾಪುರದ ಕಡೆಯ ಕನ್ನಡ. ನಾನು ಡಿಗ್ರಿ ಓದಿದ್ದು ಉಡುಪಿಯಲ್ಲಿ. ಮೂರು ವರ್ಷ ಆ ಮಾತಿನ ನಡುವೆಯೇ ಇದ್ದವನಿಗೆ ಒಂದಕ್ಷರವೂ ಬಿಡದೆ ಅರ್ಥವಾಯಿತು.

ಆಗಲೇ ತಲೆಯೆತ್ತಿ "ಓ, ನೀವು ನಮ್ಮೋರೇ!" ಅನ್ನಬೇಕಿತ್ತು. ಅನ್ನಲು ಬಾಯಿ ತೆರೆದಿದ್ದೆ ಕೂಡ. ಅಷ್ಟರಲ್ಲಿ ಮನಸ್ಸು ಲೆಕ್ಕ ಹಾಕಿಬಿಟ್ಟಿತು. ಎಷ್ಟು ಕೊಟ್ಟರೂ ಅಡ್ಡಿಯಿಲ್ಲ ಅಂದರಲ್ಲ! ಕನ್ನಡದವನು ಅಂತ ಗೊತ್ತಾದರೆ ಊರು, ಪರಿಚಯ, ದಾಕ್ಷಿಣ್ಯ ಎಲ್ಲ ಶುರುವಾಗಿ ಚೌಕಾಸಿ ಮಾಡಲು ಮುಖವೇ ಇರುವುದಿಲ್ಲ. ಸೈಲೆನ್ಸರ್ ನೋಡುವುದನ್ನೇ ಮುಂದುವರಿಸಿದೆ.

ಮೇಲೆ ಮನೆಗೆ ಕರೆದರು. ಕಾಗದ ಪತ್ರ ತೆಗೆಯುತ್ತಾ ಅವರು ಹಿಂದಿಯಲ್ಲಿ ಕೇಳಿದರು, "ನೀವು ಮೂಲ ಎಲ್ಲಿಯವರು?"

"ಅಹಮದಾಬಾದ್," ಅಂದೆ.

ಅಲ್ಲಿಂದ ಮುಂದೆ ಗಂಡ ಹೆಂಡತಿ ನನ್ನೆದುರಿಗೇ ಎಲ್ಲ ಮಾತಾಡಿಕೊಂಡರು. ಎರಡು ತಿಂಗಳ ಹಿಂದೆ ಮಾರ್ಕೆಟ್ಟಿಗೆ ಹೋಗುವಾಗ ಅವರಿಗೆ ಫಿಟ್ಸ್ ಬಂದು ಗಾಡಿ ಸಮೇತ ಬಿದ್ದಿದ್ದರು. ಹಿಂದೆ ಹೆಂಡತಿಯೂ ಕೂತಿದ್ದರು. ಊರಿನವರಿಗೆ, ಮದುವೆಯಾದ ಮಗಳಿಗೆ ಕೂಡ ಹೇಳಿರಲಿಲ್ಲ. ನೀರಿನ ಮೇಲೆ ಜಾರಿ ಬಿದ್ದೆ ಅಂತ ಹೇಳಿದ್ದರು. ಡಾಕ್ಟರು ಗಾಡಿ ಮುಟ್ಟಲೇಬೇಡಿ ಅಂದಿದ್ದರೂ, ಹಿಂದಿನ ವಾರ ಹೆಂಡತಿಯ ಕಣ್ಣು ತಪ್ಪಿಸಿ ಒಂದು ಸುತ್ತು ಹೋಗಿ ಬಂದಿದ್ದರಂತೆ. "ಈ ಪ್ರಾಯದಲ್ಲಿ ನನ್ನನ್ನ ಮಗು ಕಂಡಂಗೆ ಕಾಯ್ತೆ ನೀನು," ಎಂದು ಅವರು ತಲೆ ತಗ್ಗಿಸಿ ಹೇಳಿದರು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಆರ್‌ಸಿ ಪುಸ್ತಕದ ಮೇಲೆ ಕಣ್ಣಿಟ್ಟು ಕೂತಿದ್ದೆ, ಗೋಡೆಯ ಹಾಗೆ.

ಆಮೇಲೆ ಅವರು ಹೆಂಡತಿಯನ್ನು ಕೇಳಿದರು, "ಕ್ಲಚ್ ಪ್ಲೇಟ್ ವಿಷಯ ಇವ್ರಿಗೆ ಹೇಳುದಾ?"

"ಹೇಳಿ. ಅಷ್ಟ್ ದೂರ ಹೋಪವ್ರು, ಪಾಪ."

ಅವರು ಹಿಂದಿಯಲ್ಲಿ ಹೇಳಿದರು: ಕ್ಲಚ್ ಪ್ಲೇಟ್ ಸವೆದಿದೆ, ಮನೆ ಮುಟ್ಟಲು ತೊಂದರೆಯಿಲ್ಲ, ಮುಟ್ಟಿದ ಮೇಲೆ ಬದಲಾಯಿಸಿ. ಅವರ ಪ್ರಾಮಾಣಿಕತೆಯನ್ನೇ ನಾನು ಹಿಡಿದುಕೊಂಡೆ. ಮುಖ ಗಂಟು ಹಾಕಿ, ಇದನ್ನು ಫೋನಿನಲ್ಲೇ ಹೇಳಬೇಕಿತ್ತು, ಇಷ್ಟು ದೂರದಿಂದ ಬಂದಿದ್ದೇನೆ, ಹಾಗಾದರೆ ವಾಪಸ್ ಹೋಗುತ್ತೇನೆ ಅಂತ ಎದ್ದು ನಿಂತೆ. ಆಕೆಯ ಮುಖದಲ್ಲಿ ಗಾಬರಿ ಕಂಡಿತು. ಅವರು ಹೇಳಿದ ಬೆಲೆಗಿಂತ ಆರು ಸಾವಿರ ಕಡಿಮೆಗೆ ವ್ಯಾಪಾರ ಮುಗಿಯಿತು.

ವ್ಯಾಪಾರ ಮುಗಿದ ಮೇಲಾದರೂ ಹೇಳಬಹುದಿತ್ತು. ಆದರೆ ಆ ಹೊತ್ತಿಗೆ ಹೇಳುವುದು ಇನ್ನೂ ಕಷ್ಟವಾಗಿತ್ತು. ಆಕೆ ತಟ್ಟೆಯಲ್ಲಿ ಪತ್ರೊಡೆ ತಂದಿಟ್ಟರು. ನಾನು ಗುಜರಾತಿಗಳಂತೆ "ಪಾತ್ರಾ?" ಅಂದೆ. ಆಕೆ ನಕ್ಕು, ಇದು ಪಾತ್ರಾ ಅಲ್ಲ, ನಮ್ಮ ಕಡೆ ಕಡಲೆಹಿಟ್ಟಲ್ಲ, ಅಕ್ಕಿ ರುಬ್ಬಿ ಕೆಸುವಿನೆಲೆಗೆ ಹಚ್ಚುತ್ತೇವೆ, ಆಮೇಲೆ ಹಬೆಯಲ್ಲಿ ಬೇಯಿಸುತ್ತೇವೆ ಎಂದು ಕೈಯಾಡಿಸಿ ವಿವರಿಸಿದರು. ಹಾಸ್ಟೆಲ್ಲಿನಲ್ಲಿದ್ದಾಗ ಮಳೆಗಾಲ ಪೂರ್ತಿ ಅದನ್ನು ತಿಂದವನು ನಾನು. "ಅಚ್ಛಾ, ಅಚ್ಛಾ," ಎಂದು ತಲೆಯಾಡಿಸಿದೆ. ಆಕೆ ಗಂಡನಿಗೆ, "ಒಳ್ಳೆ ಜನ ಕಾಣ್ತ್ರ್. ಗಾಡಿ ಚಂದ ಮಾಡಿ ಇಟ್ಕಂತ್ರ್," ಅಂದರು.

ಹೊರಡುವಾಗ ಅವರು ಪೆಟ್ರೋಲ್ ಟ್ಯಾಂಕಿನ ಮೇಲೆ ಒಮ್ಮೆ ಕೈಯಿಟ್ಟು ತೆಗೆದರು. ವಡೋದರಾದಲ್ಲಿ ಹೆದ್ದಾರಿಯ ಪಕ್ಕ ತಮ್ಮ ಭಾವನ ಹೋಟೆಲಿದೆ, ಊಟದ ಹೊತ್ತಿಗೆ ಅಲ್ಲಿಗೆ ತಲುಪುತ್ತೀರಿ, ಫೋನ್ ಮಾಡಿ ಹೇಳಿರುತ್ತೇನೆ, ಊಟ ಮಾಡದೆ ಹೋಗಬೇಡಿ ಅಂದರು. ಆಗಲಿ ಅಂದೆ.

ಗಾಡಿ ಚೆನ್ನಾಗಿತ್ತು. ಅದೇ ಮನಸ್ಸಿಗೆ ಇನ್ನೂ ಚುಚ್ಚಿತು. ಭರೂಚ್ ಹತ್ತಿರ ನರ್ಮದೆಯ ಸೇತುವೆ ದಾಟುವಾಗ ಬಿಸಿಗಾಳಿಯಲ್ಲೂ ಇಂಜಿನ್ ಒಂದೇ ಶ್ರುತಿಯಲ್ಲಿ ಓಡುತ್ತಿತ್ತು. ಹತ್ತೊಂಬತ್ತು ವರ್ಷ ಒಬ್ಬ ಮನುಷ್ಯ ಇದನ್ನು ಹೇಗೆ ನೋಡಿಕೊಂಡಿರಬೇಕು ಎಂದು ಕಿಲೋಮೀಟರ್ ಕಿಲೋಮೀಟರಿಗೂ ತಿಳಿಯುತ್ತಿತ್ತು. ಹೆಲ್ಮೆಟ್ಟಿನೊಳಗೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಸುಳ್ಳು ಹೇಳಿದ್ದು ಒಂದೇ, ಅಹಮದಾಬಾದ್ ಅಂದದ್ದು, ಅಲ್ಲಿ ಇರುವುದಂತೂ ನಿಜ, ವ್ಯಾಪಾರ ಅಂದಮೇಲೆ ಎಲ್ಲರೂ ಹೀಗೇ. ಯಾವ ಸಮಾಧಾನವೂ ಮುಂದಿನ ಟೋಲ್ ಬರುವವರೆಗೂ ಉಳಿಯಲಿಲ್ಲ.

ವಡೋದರಾ ಹತ್ತಿರವಾಯಿತು. ಭಾವನೂ ಊರು ಯಾವುದು ಅಂತ ಕೇಳಿದರೆ? ಮತ್ತೆ ಅಚ್ಛಾ ಅಚ್ಛಾ ಅನ್ನುತ್ತಾ ಅನ್ನ ಸಾರು ತಿನ್ನಬೇಕೆ? ಹೋಟೆಲಿನ ಬೋರ್ಡು ದೂರದಿಂದಲೇ ಕಂಡಿತು. ಅದರ ಮುಂದೆ, ರಸ್ತೆಯ ಅಂಚಿನಲ್ಲಿ, ಮಧ್ಯಾಹ್ನದ ಉರಿಬಿಸಿಲಿನಲ್ಲಿ ಬಿಳಿ ಪಂಚೆಯುಟ್ಟ ಒಬ್ಬರು ತಲೆಗೆ ಟವೆಲ್ ಹಾಕಿಕೊಂಡು ನಿಂತು, ಬರುವ ಒಂದೊಂದು ಬೈಕನ್ನೂ ನೋಡುತ್ತಿದ್ದರು. ಕಪ್ಪು ಗಾಡಿ ಕಂಡದ್ದೇ ಮುಖವರಳಿ ಕೈಯೆತ್ತಿದರು.

ನಾನು ನಿಲ್ಲಿಸಲಿಲ್ಲ. ನೋಡದವನಂತೆ ಎದುರಿಗೆ ಕಣ್ಣಿಟ್ಟು ಆಕ್ಸಿಲರೇಟರ್ ತಿರುಗಿಸಿದೆ. ಕನ್ನಡಿಯಲ್ಲಿ ನೋಡಿದಾಗ ಅವರ ಕೈ ಇನ್ನೂ ಮೇಲೆಯೇ ಇತ್ತು.

ಎಕ್ಸ್‌ಪ್ರೆಸ್‌ವೇಗೆ ದ್ವಿಚಕ್ರ ವಾಹನ ಬಿಡುವುದಿಲ್ಲ. ಆನಂದ್, ನಡಿಯಾದ್ ಮೇಲಿನ ಹಳೇ ರಸ್ತೆ ಹಿಡಿದೆ. ಎಲ್ಲೋ ಒಂದು ಕಡೆ ಬಿಸ್ಕತ್ತು ತಿಂದು ನೀರು ಕುಡಿದೆ. ಮನೆ ಸೇರಿದಾಗ ಸಂಜೆ ಆರು. ಮಗಳು ಕುಣಿದಾಡಿ ಹಿಂದೆ ಕೂತು ಒಂದು ಸುತ್ತು ಹಾಕಿಸಿಕೊಂಡಳು. ನಾನು ಮೊಬೈಲನ್ನು ಟೇಬಲ್ಲಿನ ಮೇಲಿಟ್ಟು ಸ್ನಾನಕ್ಕೆ ಹೋದೆ.

ಹೊರಗೆ ಬಂದಾಗ ಅಮ್ಮ ಫೋನ್ ಹಿಡಿದುಕೊಂಡು ನಗುತ್ತಾ ಕೂತಿದ್ದಳು.

"ಗಾಡಿ ಕೊಟ್ಟೋರು ಫೋನ್ ಮಾಡಿದ್ರು ಕಣೋ. ಹಿಂದೀಲಿ ಏನೋ ಅಂದ್ರು. ನಂಗೆ ಹಿಂದಿ ಬರಲ್ಲಪ್ಪ, ನನ್ನ ಮಗ ಸ್ನಾನಕ್ಕೆ ಹೋಗಿದಾನೆ ಅಂದೆ. ನೋಡಿದ್ರೆ ಕನ್ನಡದೋರೇ, ಕುಂದಾಪುರದ ಕಡೆಯೋರಂತೆ! ನೀನು ಹೇಳೇ ಇಲ್ಲ?"

ತಲೆ ಒರೆಸುವುದನ್ನು ಬಿಟ್ಟು ಕೇಳಿದೆ, "ಏನಂದ್ರು?"

"ನೀವು ಅವ್ರ ಅಮ್ಮನಾ, ಯಾವೂರು ಅಂತ ಕೇಳಿದ್ರು. ದಾವಣಗೆರೆ ಅಂದೆ. ಮಗ ಉಡುಪೀಲಿ ಓದಿದ್ದು, ನಿಮ್ಮ ಮಾತು ಅವನಿಗೆ ಚೆನ್ನಾಗಿ ಬರುತ್ತೆ ಅಂತಾನೂ ಹೇಳಿದೆ. ಅವ್ರ ಭಾವನ ಹೋಟೆಲಲ್ಲಿ ಊಟಕ್ಕೆ ಕಾದಿದ್ರಂತೆ, ನೀನು ಬರ್ಲಿಲ್ಲ ಅಂತ ಹೆದ್ರಿಕೊಂಡಿದ್ರು. ಕ್ಷೇಮವಾಗಿ ಮುಟ್ಟಿದ್ರಲ್ಲ, ಸಾಕು ಅಂದ್ರು."

ಆ ರಾತ್ರಿ ಫೋನ್ ಮಾಡುವ ಧೈರ್ಯ ಬರಲಿಲ್ಲ. ಗಾಡಿಯನ್ನು ನನ್ನ ಹೆಸರಿಗೆ ಮಾಡಿಸಲು ಅವರ ಮೊಬೈಲಿಗೆ ಬರುವ ಓಟಿಪಿ ಬೇಕಿತ್ತು. ಹತ್ತು ದಿನದ ಮೇಲೆ ಮಾಡಲೇಬೇಕಾಯಿತು. "ನಮಸ್ಕಾರ, ನಾನು..." ಎಂದು ಕನ್ನಡದಲ್ಲೇ ಶುರು ಮಾಡಿದೆ. ಆ ಕಡೆಯಿಂದ "ಹಾಂ ಜೀ, ಬೋಲಿಯೇ" ಅಂದರು. ತಪ್ಪಾಯಿತು, ಅವತ್ತು ಹಾಗೆ ಮಾಡಬಾರದಿತ್ತು ಅಂದೆ. ಅವರು ಕೇಳಿಸದವರಂತೆ ಓಟಿಪಿಯ ಒಂದೊಂದೇ ಅಂಕಿಯನ್ನು ಹಿಂದಿಯಲ್ಲಿ ಓದಿದರು. ಇನ್ನೊಮ್ಮೆ ಹೇಳುತ್ತೀರಾ ಎಂದು ಕನ್ನಡದಲ್ಲಿ ಕೇಳಿದೆ. ಇನ್ನೊಮ್ಮೆ, ಅಷ್ಟೇ ಮರ್ಯಾದೆಯಿಂದ, ಹಿಂದಿಯಲ್ಲೇ ಹೇಳಿದರು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳಬಹುದಿತ್ತು.

ಕಡಿಮೆ ಮಾಡಿಸಿದ್ದ ದುಡ್ಡನ್ನು ಕಳಿಸಿದೆ. ಅದೇ ದಿನ ವಾಪಸ್ ಬಂತು.

ಮೂರು ತಿಂಗಳ ಮೇಲೆ ಆಫೀಸ್ ಕೆಲಸಕ್ಕೆ ಸೂರತ್‌ಗೆ ಹೋದವನು ಹೋಟೆಲಿಗೆ ಹೋದೆ. ಗಲ್ಲಾದಲ್ಲಿ ಆಕೆ ಕೂತಿದ್ದರು. ಗುರುತು ಹಿಡಿದು, "ಬನ್ನಿ," ಅಂದರು, ಕನ್ನಡದಲ್ಲೇ. ನಾನು ಕೈಮುಗಿದು, ರೇಟಿನ ವಿಷಯದಲ್ಲಿ ಮೋಸ ಮಾಡಿದೆ ಎಂದು ಶುರು ಮಾಡಿದೆ. ಆಕೆ ತಲೆಯಾಡಿಸಿದರು.

"ರೇಟ್ ಎಂತ ದೊಡ್ಡದಲ್ಲ. ಅವ್ರಿಗೆ ನಾಚಿಕೆ ಆದ್ದ್ ಬೇರೆ ವಿಷಯಕ್ಕೆ. ಹೆತ್ತ ಮಗಳಿಗೆ ಹೇಳದ್ದನ್ನೆಲ್ಲ ನಿಮ್ಮ ಎದ್ರಿಗೆ ಮಾತಾಡ್ಬಿಟ್ವಲ್ಲ. ನಾನ್ ಅತ್ತದ್ದೂ ಕಂಡ್ರಿ ನೀವ್."

ಇಷ್ಟು ದಿನ ಆರು ಸಾವಿರ ರೂಪಾಯಿಯ ಬಗ್ಗೆ ನಾಚುತ್ತಿದ್ದೆ ನಾನು. ಅವರ ಮನೆಯೊಳಗಿನ ಮಾತನ್ನು ಕದ್ದುಕೊಂಡು ಬಂದವನು ಅಂತ ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಅವರು ಅಡುಗೆ ಮನೆಯಿಂದ ಬಂದರು. ಹುಬ್ಬಿನ ಗಾಯ ಮಾಯ್ದಿತ್ತು. ನನ್ನನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಕ್ಲಚ್ ಪ್ಲೇಟ್ ಬದಲಾಯಿಸಿದಿರಾ ಎಂದು ಹಿಂದಿಯಲ್ಲಿ ಕೇಳಿದರು. ಬದಲಾಯಿಸಿದೆ ಅಂದೆ, ಕನ್ನಡದಲ್ಲಿ. "ಅಚ್ಛಾ," ಅಂದರು. ಮೂಲೆಯ ಮೇಜನ್ನು ತಾವೇ ಒರೆಸಿ ಕೂರಲು ಕೈ ತೋರಿಸಿ, ಒಳಗೆ ಹೋದರು. ಅವರು ಮತ್ತೆ ಹೊರಗೆ ಬರಬಹುದೆಂದು ಕಾಫಿಯನ್ನು ನಿಧಾನವಾಗಿ ಕುಡಿದೆ. ಬರಲಿಲ್ಲ.